ಒಣ ಹಾಸಿಗೆಗಳ ಮಹಡಿ

ಕೆಂಗೇರಿ ಉಪನಗರದ ಆ ವೃದ್ಧಾಶ್ರಮದಲ್ಲಿ ಕೆಳಗಿನ ಮಹಡಿ ಜಲಜಾಳದು. ಆರು ವರ್ಷದಿಂದ ಹಾಗೇ ನಡೆದುಬಂದಿತ್ತು. ಹೆಗ್ಗನಹಳ್ಳಿಯಲ್ಲಿ ಬಸ್ಸು ಹಿಡಿದು, ನಾಯಂಡಹಳ್ಳಿಯಲ್ಲಿ ಮೆಟ್ರೊ ಹತ್ತಿ, ಎಂಟಕ್ಕೆ ಬಂದು ಸೆರಗು ಸಿಕ್ಕಿಸಿ ನಿಂತರೆ, ಹನ್ನೊಂದು ಜನ ಅಜ್ಜಿಯರಿಗೆ ಮೈ ಒರೆಸಿ, ಇಡ್ಲಿ ಹಿಸುಕಿ ತಿನ್ನಿಸಿ, ತಲೆ ಬಾಚುವವರೆಗೆ ಅವಳು ಕೂರುತ್ತಿರಲಿಲ್ಲ. ಯಾರಿಗೆ ಯಾವ ಮಗ್ಗುಲು ನೋವು, ಯಾರು ಮಾತ್ರೆಯನ್ನು ದವಡೆಯಲ್ಲಿ ಬಚ್ಚಿಡುತ್ತಾರೆ ಎನ್ನುವುದೆಲ್ಲ ಅವಳಿಗೆ ಕಾಗದ ನೋಡದೆಯೇ ಗೊತ್ತಿತ್ತು. ಮನೆಯವರು ಬಂದರೆ ಮೊದಲು ಕೇಳುತ್ತಿದ್ದುದು "ಜಲಜಮ್ಮ ಎಲ್ಲಿ?" ಎಂದು. ಆ ಮಾತು ಕಿವಿಗೆ ಬಿದ್ದರೂ ಅವಳು ಒಂದು ಗಳಿಗೆ ಒಳಗೇ ಉಳಿಯುತ್ತಿದ್ದಳು, ಇನ್ನೊಂದು ಸಲ ಕೇಳಲಿ ಎಂದು.

ಯುಗಾದಿ ಕಳೆದ ಮೇಲೆ ಮೇಲಿನ ಮಹಡಿಗೆ ಚೇತನಾ ಬಂದಳು. ಇಪ್ಪತ್ತಾರರ ಹುಡುಗಿ, ಆರೈಕೆಯ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಂದವಳು. ನಗುನಗುತ್ತಾ ಮಾತಾಡುತ್ತಿದ್ದಳು, ಅಜ್ಜಿಯರಿಗೆ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಅಷ್ಟಾದರೆ ಜಲಜಾ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಎರಡು ತಿಂಗಳೊಳಗೆ ಮೇಲಿನ ಮಹಡಿಯಲ್ಲಿ ಉಚ್ಚೆಯ ವಾಸನೆಯೇ ಇಲ್ಲವಾಯಿತು. ಕೆಳಗೆ ದಿನಾ ಬೆಳಿಗ್ಗೆ ಏಳೆಂಟು ಒದ್ದೆ ಹಾಸಿಗೆ ಬಟ್ಟೆ ಒಗೆಯಲು ಹೋದರೆ, ಹದಿನಾಲ್ಕು ಜನರಿದ್ದ ಮೇಲಿನ ಮಹಡಿಯಿಂದ ಒಂದೋ ಎರಡೋ. ಮ್ಯಾನೇಜರ್ ಸುಬ್ರಮಣಿ ಎಲ್ಲ ಕೆಲಸದವರನ್ನೂ ಹಜಾರದಲ್ಲಿ ನಿಲ್ಲಿಸಿ, ಮೇಲೆ ಹೋಗಿ ನೋಡಿ ಕಲಿತುಕೊಳ್ಳಿ ಎಂದ. ಹೇಳುವಾಗ ಅವನ ಕಣ್ಣು ಜಲಜಾಳ ಮೇಲಿತ್ತು.

ಜಲಜಾ ಹಟಕ್ಕೆ ಬಿದ್ದಳು. ಗಂಟೆಗೊಂದು ಸಲ ಒಬ್ಬೊಬ್ಬರನ್ನೇ ಎಬ್ಬಿಸಿ ಬಾತ್‌ರೂಮಿಗೆ ನಡೆಸಿದಳು. ಸೊಂಟ ಬಿದ್ದುಹೋಗುವಂತಾಯಿತೇ ಹೊರತು ಹಾಸಿಗೆಗಳು ಒಣಗಲಿಲ್ಲ. ಗುಟ್ಟೇನು ಎಂದು ಚೇತನಾಳನ್ನು ಕೇಳಲು ಬಾಯಿ ಬರಲಿಲ್ಲ.

ಆಷಾಢದಲ್ಲಿ ಒಂದು ಭಾನುವಾರ ನೀಲಮ್ಮನವರ ಮಗಳು ಸೌಮ್ಯಶ್ರೀ ಬಂದಳು. ಬಸವೇಶ್ವರನಗರದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ನೀಲಮ್ಮ ರಾಣೆಬೆನ್ನೂರು ಕಡೆಯ ನಿವೃತ್ತ ಶಾಲಾ ಶಿಕ್ಷಕಿ. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋದ ಮೇಲೆ ನಾಲ್ಕು ವರ್ಷದಿಂದ ಇಲ್ಲಿದ್ದರು. ಜಲಜಾಳನ್ನು ಅವರು ಜಲಜವ್ವ ಎಂದೇ ಕರೆಯುತ್ತಿದ್ದರು. ಹನ್ನೊಂದು ಜನರಲ್ಲಿ ಜಲಜಾ ತನ್ನವರೆಂದುಕೊಂಡಿದ್ದುದು ಅವರೊಬ್ಬರನ್ನೇ. ಸೌಮ್ಯಶ್ರೀ ಮೇಲಿನ ಮಹಡಿಯನ್ನು ಒಂದು ಸುತ್ತು ನೋಡಿ ಬಂದು, ಅಮ್ಮನನ್ನು ಅಲ್ಲಿಗೇ ಹಾಕಿ ಎಂದು ಸುಬ್ರಮಣಿಗೆ ಹೇಳಿದಳು. ನೀಲಮ್ಮನ ಬಟ್ಟೆ, ಕನ್ನಡಕ, ವಿಭೂತಿಯ ಡಬ್ಬಿಯನ್ನು ಚೀಲಕ್ಕೆ ತುಂಬಿಕೊಟ್ಟವಳು ಜಲಜಾಳೇ. ಲಿಫ್ಟಿನ ಬಾಗಿಲಲ್ಲಿ ಚೇತನಾ ವೀಲ್‌ಚೇರಿನ ಹಿಡಿ ತನ್ನ ಕೈಗೆ ತೆಗೆದುಕೊಂಡು, "ನಾನು ನೋಡ್ಕೋತೀನಿ ಬಿಡಿ ಅಕ್ಕ" ಎಂದಳು.

ಅಂದಿನಿಂದ ಜಲಜಾಳ ಕಿವಿ ಮೇಲಿನ ಮಹಡಿಯಲ್ಲೇ ಇತ್ತು. ಅಲ್ಲಿ ನಗು ಕೇಳಿದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಚೇತನಾ ಎಲ್ಲಾದರೂ ಎಡವಲಿ, ತಾನು ಅದನ್ನು ಕಣ್ಣಾರೆ ನೋಡಲಿ ಎಂದು ದೇವರಲ್ಲಿ ಕೇಳಿಕೊಂಡದ್ದೂ ಉಂಟು.

ಒಂದು ಮಂಗಳವಾರ ಸಂಜೆ ನಾಲ್ಕಕ್ಕೆ, ಕೆಳಗೇ ಉಳಿದಿದ್ದ ನೀಲಮ್ಮನ ಶಾಲನ್ನು ನೆವ ಮಾಡಿಕೊಂಡು ಜಲಜಾ ಮೇಲೆ ಹೋದಳು. ಚಹಾ ಬಂದಿತ್ತು. ಆದರೆ ಹದಿನೈದು ಲೋಟಗಳೂ ತುಂಬಿದಂತೆಯೇ ತಟ್ಟೆಯಲ್ಲಿದ್ದವು. ಚೇತನಾ ಬೆನ್ನು ಹಾಕಿ ನಿಂತು ಒಂದೊಂದನ್ನೇ ಸಿಂಕಿಗೆ ಸುರಿಯುತ್ತಿದ್ದಳು. ಹಾಸಿಗೆಗಳ ಪಕ್ಕದಲ್ಲಿ ಒಂದೂ ನೀರಿನ ಜಗ್ಗು ಕಾಣಲಿಲ್ಲ. ಗೋಡೆಯ ಗಾಜಿನ ಬೀರುವಿನಲ್ಲಿ ಅಷ್ಟೂ ಜಗ್ಗುಗಳು ಸಾಲಾಗಿದ್ದವು, ಬೀರುವಿಗೆ ಬೀಗ. ಮೂಲೆಯ ಹಾಸಿಗೆಯಲ್ಲಿ ನೀಲಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ಜಲಜಾ ಹತ್ತಿರ ಹೋಗಿ ನೋಡಿದರೆ, ಮೈ ಒರೆಸಿದ ಒದ್ದೆ ಬಟ್ಟೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದರು.

ತುಟಿ ಬಿರಿದು ರಕ್ತ ಕಟ್ಟಿತ್ತು. ಚೇತನಾ ಪಾತ್ರೆ ತೊಳೆಯಲು ಹೋದದ್ದೇ ತಡ, ಜಲಜಾ ಹೊರಗಿನ ಫಿಲ್ಟರಿನಿಂದ ನೀರು ಹಿಡಿದು ತಂದು ಕುಡಿಸಿದಳು. ನೀಲಮ್ಮ ಮೂರು ಲೋಟ ಕುಡಿದು, "ಆಕಿಗೆ ಹೇಳಬ್ಯಾಡವ್ವಾ" ಎಂದರು.

ಮೆಟ್ಟಿಲಿಳಿಯುವಾಗ ಜಲಜಾಳ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಸಂಕಟಕ್ಕಲ್ಲ. ಸಿಕ್ಕಿಬಿದ್ದಳು ಎನ್ನುವ ಖುಷಿಗೆ. ಮಧ್ಯಾಹ್ನದ ಮೇಲೆ ನೀರು ಕೊಡದಿದ್ದರೆ ಹಾಸಿಗೆ ಒದ್ದೆಯಾಗುವುದೆಲ್ಲಿಂದ? ಇದಕ್ಕೆ ಸರ್ಟಿಫಿಕೇಟ್ ಬೇರೆ.

ಕೂಡಲೇ ಸುಬ್ರಮಣಿಯ ಕೋಣೆಗೆ ಹೋಗಬಹುದಿತ್ತು. ಸೌಮ್ಯಶ್ರೀಯ ನಂಬರ್ ಫೋನಿನಲ್ಲೇ ಇತ್ತು. ಜಲಜಾ ಎರಡನ್ನೂ ಮಾಡಲಿಲ್ಲ. ಶುಕ್ರವಾರ ಮನೆಯವರೆಲ್ಲ ಸೇರುವ ಸಭೆಯಿತ್ತು. ಈಗ ಹೇಳಿದರೆ ಸುಬ್ರಮಣಿ ಒಳಗೊಳಗೇ ಮುಚ್ಚಿಹಾಕುತ್ತಾನೆ, ಎಲ್ಲರೆದುರು ಹೇಳಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮೆಟ್ರೊದಲ್ಲಿ ನಿಂತು, ಏನೇನು ಹೇಳಬೇಕು, ಆಗ ಚೇತನಾಳ ಮುಖ ಹೇಗಾಗುತ್ತದೆ ಎಂದು ಮನಸ್ಸಿನಲ್ಲೇ ಆಡಿಸಿದಳು. ಬುಧವಾರ ಮೇಲೆ ಹೋಗಲೇ ಇಲ್ಲ. ಅನುಮಾನ ಬಂದರೆ ಚೇತನಾ ಎಚ್ಚೆತ್ತುಕೊಂಡಾಳು.

ಗುರುವಾರ ಊಟದ ಹೊತ್ತಿಗೆ ನೀಲಮ್ಮ ಕುರ್ಚಿಯಿಂದ ಜಾರಿಬಿದ್ದರು. ಕೂಗಿದರೆ ಕಣ್ಣು ತೆರೆಯಲಿಲ್ಲ. ಚೇತನಾ ನಡುಗುತ್ತಿದ್ದುದರಿಂದ ಆಂಬುಲೆನ್ಸಿನಲ್ಲಿ ಜಲಜಾಳನ್ನೇ ಕಳಿಸಿದರು. ಮೈಸೂರು ರಸ್ತೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೀಲಮ್ಮನ ಮುಂಗೈ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಅದು ಎತ್ತಿದಂತೆಯೇ ನಿಂತಿತು. ಮೈಯಲ್ಲಿ ನೀರಿಲ್ಲ, ಮೂತ್ರಕ್ಕೆ ಸೋಂಕು ತಗುಲಿ ರಕ್ತಕ್ಕೆ ಏರಿದೆ, ಕಿಡ್ನಿ ಸೋತಿದೆ, ಇದು ಒಂದು ದಿನದ್ದಲ್ಲ ಎಂದರು. ಅಷ್ಟರಲ್ಲಿ ಸುಬ್ರಮಣಿಯೂ ಸೌಮ್ಯಶ್ರೀಯೂ ಬಂದಿದ್ದರು. ವಯಸ್ಸಾದವರು, ಕುಡಿಯಿರಿ ಎಂದರೂ ಕುಡಿಯುವುದಿಲ್ಲ ಎಂದು ಸುಬ್ರಮಣಿ ವಿವರಿಸತೊಡಗಿದ.

"ಕೊಟ್ರೆ ಕುಡೀತಾರೆ ಮೇಡಂ," ಎಂದಳು ಜಲಜಾ. "ಕೊಡ್ತಾ ಇರ್ಲಿಲ್ಲ." ಬೀಗ ಹಾಕಿದ ಜಗ್ಗುಗಳನ್ನೂ ಸಿಂಕಿಗೆ ಸುರಿದ ಚಹಾವನ್ನೂ ಬಾಯಲ್ಲಿದ್ದ ಬಟ್ಟೆಯನ್ನೂ ಹೇಳಿದಳು.

ಸುಬ್ರಮಣಿ ಸೌಮ್ಯಶ್ರೀಯ ಕಡೆ ತಿರುಗಿದ. "ಇವಳ ಮಾತು ಕಿವಿಗೆ ಹಾಕ್ಕೋಬೇಡಿ ಮೇಡಂ. ಆ ಹುಡುಗಿ ಬಂದ ದಿನದಿಂದ ಇವಳಿಗೆ ಹೊಟ್ಟೆಕಿಚ್ಚು. ಯಾರನ್ನ ಬೇಕಾದ್ರೂ ಕೇಳಿ."

"ಹೌದು, ಹೊಟ್ಟೆಕಿಚ್ಚೇ," ಎಂದಳು ಜಲಜಾ.

ಸೌಮ್ಯಶ್ರೀ ಅವಳನ್ನೇ ನೋಡಿದಳು. "ಯಾವತ್ತು ನೋಡಿದ್ರಿ?"

ಇವತ್ತು ಬೆಳಿಗ್ಗೆ ಎಂದುಬಿಡಬಹುದಿತ್ತು. ನೋಡಿದವರು ಬೇರೆ ಯಾರೂ ಇರಲಿಲ್ಲ.

"ಮಂಗಳವಾರ. ಸಭೆಯಲ್ಲಿ ಎಲ್ರ ಮುಂದೆ ಹೇಳ್ಬೇಕು ಅಂತ ಇಟ್ಕೊಂಡಿದ್ದೆ."

ಸೌಮ್ಯಶ್ರೀ ಬಯ್ಯಲಿಲ್ಲ. ಹೊರಗೆ ಹೋಗಿ ಹಿರಿಯರ ಸಹಾಯವಾಣಿಗೆ ಫೋನ್ ಮಾಡಿದಳು. ಸುಳ್ಳು ಕಟ್ಟುವವಳು ತನ್ನ ತಪ್ಪನ್ನು ಅದಕ್ಕೆ ಸೇರಿಸುತ್ತಾಳೆಯೇ ಎಂದು ಸೌಮ್ಯಶ್ರೀ ಎಷ್ಟೋ ದಿನದ ಮೇಲೆ ಯಾರಿಗೋ ಹೇಳಿದಳಂತೆ.

ಮರುದಿನವೇ ಅಧಿಕಾರಿಗಳು ಬಂದರು. ಮೇಲಿನ ಮಹಡಿಯಲ್ಲಿ ಇನ್ನೂ ಒಂಬತ್ತು ಜನರ ನಾಲಿಗೆ ಒಣಗಿತ್ತು. ಇಬ್ಬರಿಗೆ ಬೆನ್ನಲ್ಲಿ ಹುಣ್ಣು ಶುರುವಾಗಿತ್ತು. ಚೇತನಾ ಏನನ್ನೂ ಅಲ್ಲಗಳೆಯಲಿಲ್ಲ. ರಾತ್ರಿಗೆ ಎರಡೂ ಮಹಡಿಗೆ ಸೇರಿ ಒಬ್ಬಳೇ ಆಯಾ, ಬೆಳಿಗ್ಗೆ ಬಂದರೆ ಎಲ್ಲರೂ ಒದ್ದೆಯಲ್ಲೇ ಇರುತ್ತಿದ್ದರು, ಸಾರ್ ದಿನಾ ಬಯ್ಯುತ್ತಿದ್ದರು. ಒಂದು ದಿನ ನೀರು ಕಮ್ಮಿ ಮಾಡಿ ನೋಡಿದೆ, ಅವತ್ತು ಎಲ್ಲರ ಮುಂದೆ ಹೊಗಳಿದರು ಎಂದಳು. ಅವಳನ್ನೂ ಸುಬ್ರಮಣಿಯನ್ನೂ ಕೆಲಸದಿಂದ ತೆಗೆದರು, ಇಬ್ಬರ ಮೇಲೂ ಕೇಸಾಯಿತು.

ಹೊರಡುವಾಗ ಚೇತನಾ ಚಪ್ಪಲಿ ಬಿಡುವ ಜಾಗದಲ್ಲಿ ಜಲಜಾಳ ಎದುರು ನಿಂತಳು. ಅತ್ತು ಅತ್ತು ಮುಖ ಊದಿತ್ತು. "ಮಂಗಳವಾರನೇ ಬಂದು ನನ್ ಕೆನ್ನೆಗೆ ಎರಡು ಬಾರಿಸಿದ್ರೆ ಆಗ್ತಿತ್ತಲ್ಲ ಅಕ್ಕ."

ಇಷ್ಟು ತಿಂಗಳು ನೋಡಬೇಕೆಂದು ಕಾದಿದ್ದ ಮುಖವದು. ನೋಡಲಾಗದೆ ಜಲಜಾ ಒಳಗೆ ಹೋದಳು.

ಆಶ್ರಮ ನಡೆಸುವವರು ಹೊಸ ಮ್ಯಾನೇಜರನ್ನು ತಂದರು. ರಾತ್ರಿಗೆ ಮಹಡಿಗಿಬ್ಬರು ಆಯಾಗಳಾದರು. ಯಾರಿಗೆ ಎಷ್ಟು ನೀರು ಹೋಯಿತು ಎಂದು ಪುಸ್ತಕದಲ್ಲಿ ಬರೆಯಬೇಕು, ಯಾರ ಮೈಮೇಲೆ ಏನೇ ಕಂಡರೂ ಅವತ್ತೇ ಬರೆದು ಮನೆಯವರಿಗೆ ತಿಳಿಸಬೇಕು ಎಂದಾಯಿತು. ಜಲಜಾಳಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಕೆಲಸ ಉಳಿದದ್ದು ಸೌಮ್ಯಶ್ರೀ ಹೇಳಿದ್ದರಿಂದ.

ಮೂರು ವಾರದ ಮೇಲೆ ನೀಲಮ್ಮ ಕೆಳಗಿನ ಮಹಡಿಗೇ ಮರಳಿದರು. ಜೀವ ಉಳಿದಿತ್ತು, ನೆನಪು ಪೂರ್ತಿ ಮರಳಲಿಲ್ಲ. ಅವರು ಜಲಜಾಳನ್ನು ಚೇತನಾ ಎಂದು ಕರೆಯತೊಡಗಿದರು. ನಾನು ಜಲಜಾ ಎಂದು ನಾಲ್ಕೈದು ದಿನ ತಿದ್ದಿದಳು. ಆಮೇಲೆ ಬಿಟ್ಟಳು.

ಮೇಲಿನ ಮಹಡಿಗೆ ಪಾರವ್ವ ಎಂಬ ಬಾಗಲಕೋಟೆ ಕಡೆಯ ಹೆಂಗಸು ಸೇರಿಕೊಂಡಳು. ಗಟ್ಟಿ ಆಳು, ಎಲ್ಲರನ್ನೂ ನಗಿಸುವವಳು. ಅವಳು ಬಂದ ಎರಡನೇ ವಾರ, ಮೇಲಿನ ಮಹಡಿಯ ನರಸಮ್ಮಜ್ಜಿಯ ಮೊಣಕೈ ಒಳಗೆ ನೀಲಿಗಟ್ಟಿದ್ದು ಜಲಜಾಳ ಕಣ್ಣಿಗೆ ಬಿತ್ತು. ಏನಿದು ಎಂದು ನೇರ ಪಾರವ್ವನನ್ನೇ ಕೇಳಿದಳು. ಬೆಳಿಗ್ಗೆ ಲ್ಯಾಬಿನವರು ರಕ್ತ ತೆಗೆದದ್ದು ಎಂದಳು ಪಾರವ್ವ. ಇರಬಹುದು ಎಂದು ಜಲಜಾ ಪುಸ್ತಕ ತೆರೆದಳು.

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರೀ ಅಕ್ಕಾರ?"

"ನಂಬ್ತೀನೋ ಇಲ್ವೋ, ಬರೀಬೇಕಮ್ಮ."

ನರಸಮ್ಮಜ್ಜಿಯ ಮಗನಿಗೆ ಅಲ್ಲೇ ನಿಂತು ಫೋನ್ ಮಾಡಿದಳು. ರಕ್ತ ತೆಗೆದ ಮೇಲೆ ಲ್ಯಾಬಿನವರು ತನಗೂ ಫೋನ್ ಮಾಡಿ ಹೇಳಿದ್ದರು ಎಂದ ಅವನು. ಜಲಜಾ ಅದನ್ನೂ ಬರೆದಳು. ಪಾರವ್ವ ಮುಖ ದಪ್ಪ ಮಾಡಿಕೊಂಡು ಹೋದವಳು ಎರಡು ನಿಮಿಷಕ್ಕೆಲ್ಲ ಯಾರನ್ನೋ ನಗಿಸತೊಡಗಿದ್ದಳು. ಆ ನಗು ಕೇಳಿ ಜಲಜಾಳಿಗೆ ಎಂದಿನಂತೆ ಹೊಟ್ಟೆಕಿಚ್ಚಾಯಿತು. ಬರೆದದ್ದರ ಕೆಳಗೆ ಸಹಿ ಮಾಡಿ, ಗಡಿಯಾರ ನೋಡಿ ಹೊತ್ತು ಬರೆದಳು.