ದೊರೆ ತಲೆಯಾಡಿಸಿದರು

"ನಾನು ಬರಲ್ಲ ಅಂದ್ನಲ್ಲ," ಎಂದು ಕಟ್ಟಿನಯ್ಯ ಗಾಜಿನ ಮೇಲೆ ಗೀರು ಎಳೆಯುತ್ತಲೇ ಹೇಳಿದ. "ನೀನು ಹೋಗಿ ಹಾಕಿ ಬಾ."

ತಂಗಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಮತದಾನ ಬೆಳಗ್ಗೆಯೇ ಶುರುವಾಗಿತ್ತು. "ಅತ್ತಿಗೆ ಇದ್ದಿದ್ರೆ ಕಿವಿ ಹಿಡಿದು ಎಳ್ಕೊಂಡು ಹೋಗ್ತಿದ್ಲು."

"ಇರಬೇಕಿತ್ತಲ್ಲ."

ಅವನ ಹೆಂಡತಿ ಕಳೆದ ಮಳೆಗಾಲದಲ್ಲಿ ಎದೆನೋವು ಬಂದು, ಈಚೆ ದಡದಲ್ಲಿ ದೋಣಿ ಕಾಯುತ್ತಲೇ ತೀರಿಕೊಂಡಿದ್ದಳು. ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ. ಸೇತುವೆಯ ಮಾತು ಅವರ ಮದುವೆಗಿಂತ ಹಳೆಯದು. ಚುನಾವಣೆ ಬಂದಾಗಲೆಲ್ಲ ನದಿಯಲ್ಲಿ ಒಂದು ಕಂಬ ಏಳುತ್ತಿತ್ತು. ಎಣಿಕೆ ಮುಗಿದೊಡನೆ ಕೆಲಸ ನಿಲ್ಲುತ್ತಿತ್ತು. "ಕಾಗೆಗಳಿಗಾದರೂ ಕೂರೋಕೆ ಜಾಗ ಆಯ್ತು" ಎಂದು ಅವಳೇ ನಗುತ್ತಿದ್ದಳು. ನಕ್ಕು, ಗಂಡನನ್ನೂ ಎಬ್ಬಿಸಿಕೊಂಡು ಹೋಗಿ ಮತ ಹಾಕಿ ಬರುತ್ತಿದ್ದಳು.

ಕಚೇರಿಗಳ ಚಿತ್ರಗಳಿಗೆಲ್ಲ ಕಟ್ಟು ಹಾಕುವವನು ಕಟ್ಟಿನಯ್ಯನೇ. ಮಂತ್ರಿ ಬದಲಾದಾಗ ಚೌಕಟ್ಟು ಅವನ ಅಂಗಡಿಗೆ ಬರುತ್ತಿತ್ತು. ಹಳೆಯ ಚಿತ್ರವನ್ನು ಅವನು ಎಸೆಯುತ್ತಿರಲಿಲ್ಲ. ಹೊಸದು ಸುಕ್ಕಾಗದಂತೆ ಅದರ ಬೆನ್ನಿಗೆ ಒತ್ತು ಕೊಡಲು ಇಡುತ್ತಿದ್ದ. ಕೆಲವು ಚೌಕಟ್ಟುಗಳಲ್ಲಿ ಒಬ್ಬರ ಬೆನ್ನಿಗೊಬ್ಬರಂತೆ ನಾಲ್ಕೈದು ಮಂತ್ರಿಗಳಿದ್ದರು. ದೊರೆಯ ಚಿತ್ರ ಮಾತ್ರ ಗಾಜು ಒರೆಸುವುದಕ್ಕಷ್ಟೇ ಬರುತ್ತಿತ್ತು. ದೊರೆಗೆ ಅಧಿಕಾರವೇನೂ ಇರಲಿಲ್ಲ. ಮಂತ್ರಿಗಳು ಕೊಟ್ಟ ಕಾಗದಕ್ಕೆ ಸಹಿ ಹಾಕುವುದು, ಊರೂರಿಗೆ ಹೋಗಿ ಜನರ ಕೈ ಹಿಡಿಯುವುದು, ಇಷ್ಟೇ.

ಹೋದ ತಿಂಗಳು ದೊರೆ ಈ ಊರಿಗೂ ಬಂದಿದ್ದರು. ಸಾಲಿನಲ್ಲಿ ನಿಂತಿದ್ದ ಕಟ್ಟಿನಯ್ಯ ಹೆಂಡತಿ, ದೋಣಿ, ಸೇತುವೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ದೊರೆ ಕೈ ಬಿಡಲಿಲ್ಲ. "ಅವರ ಹೆಸರೇನು?" ಎಂದರು. ಹೇಳಿದ. ಆ ಹೆಸರನ್ನು ಮೆಲ್ಲಗೆ ತಾವೂ ಒಮ್ಮೆ ಹೇಳಿ ತಲೆಯಾಡಿಸಿದರು. ಆ ಗಳಿಗೆಯ ಚಿತ್ರ ನಿನ್ನೆ ಅರಮನೆಯಿಂದ ಬಂದಿತ್ತು. ಈಗ ಅವನು ಕೊಯ್ಯುತ್ತಿದ್ದ ಒಳ್ಳೆಯ ಗಾಜು ಅದಕ್ಕೇ.

"ದೊರೆ ಕೈಲಿ ಏನಿದೆ ಅಣ್ಣ?"

"ಏನೂ ಇಲ್ಲ. ಅದಕ್ಕೇ ಸುಳ್ಳು ಹೇಳೋ ದರ್ದೂ ಇಲ್ಲ. ಮತ ಕೇಳದೆ ನನ್ನ ಕೈ ಹಿಡಿದೋರು ಅವರೊಬ್ರೇ. ದೇವರು ಅವರ ಬಾಯಲ್ಲಿ ಒಂದು ಮಾತು ಆಡಿಸ್ತಾನೆ, ನೋಡ್ತಿರು. ಸೇತುವೆ ಆಗತ್ತೆ."

ತಂಗಿ ನಿಟ್ಟುಸಿರು ಬಿಟ್ಟು ಹೊರಟಳು. ಅವಳು ತಿರುವು ದಾಟುವಷ್ಟರಲ್ಲಿ ಅಂಬಿಗ ಬಂದ. ಕಂಕುಳಿನ ಚೀಲದಿಂದ ಜೋಪಾನವಾಗಿ ಒಂದು ಚಿತ್ರ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ದೊರೆ ಅವನ ಕೈ ಹಿಡಿದಿದ್ದರು.

"ನೀನೂ ಸಾಲಲ್ಲಿದ್ಯಾ?"

"ಬಿಡ್ತೀನಾ! ಅರ್ಧ ದಿನ ದೋಣಿ ಕಟ್ಟಿಹಾಕಿ ನಿಂತಿದ್ದೆ."

"ಏನು ಕೇಳ್ದೆ?"

ಅಂಬಿಗ ಹೊರಗೆ ನೋಡಿದ. "ಬೇಜಾರು ಮಾಡ್ಕೋಬೇಡ ಕಟ್ಟಿನಯ್ಯ. ನಿನ್ನ ಮನೇಲಿ ಆದದ್ದು ನಾನು ಮರೆತಿಲ್ಲ. ಆದ್ರೆ ಹೊಟ್ಟೆಪಾಡು ನೋಡು. ಸೇತುವೆ ಆದ್ರೆ ನನ್ನ ದೋಣಿ ಯಾರು ಹತ್ತುತ್ತಾರೆ? ಸೇತುವೆ ಬೇಡ ಮಹಾಪ್ರಭು, ಮಗಳನ್ನ ಸಾಕ್ಬೇಕು ಅಂತ ಕೇಳ್ಕೊಂಡೆ."

"ಏನಂದ್ರು?"

"ಕೈ ಬಿಡಲಿಲ್ಲ ಕಣಯ್ಯ! ನಿನ್ನ ಮಗಳ ಹೆಸರೇನು ಅಂದ್ರು. ಹೇಳಿದೆ. ತಾವೂ ಒಂದ್ಸಲ ಆ ಹೆಸರು ಹೇಳಿ ತಲೆಯಾಡಿಸಿದ್ರು. ಅಂಥ ಮನುಷ್ಯ ಇನ್ನೊಬ್ಬ ಹುಟ್ಟಲ್ಲ."

ಕಟ್ಟಿನಯ್ಯ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ದೊರೆಯ ಕತ್ತು ಎರಡರಲ್ಲೂ ಒಂದೇ ಕಡೆಗೆ ಅಷ್ಟೇ ವಾಲಿತ್ತು. ಕಣ್ಣುಗಳಲ್ಲಿ ಅದೇ ಕರುಣೆ.

"ಕೂತ್ಕೋ," ಎಂದ.

ಕೊಯ್ದಿಟ್ಟಿದ್ದ ಒಳ್ಳೆಯ ಗಾಜನ್ನೇ ಚೌಕಟ್ಟಿಗೆ ಕೂರಿಸಿದ. ಅದರ ಬೆನ್ನಿಗೆ ಅಂಬಿಗನ ಚಿತ್ರ ಇಟ್ಟ. ಒತ್ತಿಗೆಂದು ಕೈ ಮೂಲೆಯಲ್ಲಿದ್ದ ಮಂತ್ರಿಗಳ ಹಳೆಯ ಚಿತ್ರಗಳ ಕಡೆ ಹೋಗಿ, ಅಲ್ಲೇ ತಡೆದು, ವಾಪಸು ಬಂತು. ತನ್ನ ಚಿತ್ರವನ್ನು ತೆಗೆದು ಅದರ ಹಿಂದಿಟ್ಟ. ಮೇಲೆ ಹಲಗೆ ಮುಚ್ಚಿ, ಸುತ್ತಲೂ ಸಣ್ಣ ಮೊಳೆ ಹೊಡೆದ.

"ಮತ ಹಾಕೋಕೆ ಬರ್ತೀಯಾ? ಹೇಗೂ ದಾರಿ ಒಂದೇ," ಎಂದ ಅಂಬಿಗ. ಕಟ್ಟಿನಯ್ಯ ಚೌಕಟ್ಟನ್ನು ಅವನ ಕಡೆ ಸರಿಸಿದ. ಅಂಬಿಗ ಅದನ್ನು ಎತ್ತಿ ತೂಗಿ ನೋಡಿದ. "ಭಾರ ಇದೆಯಲ್ಲ!"

"ಗಾಜು ಒಳ್ಳೇದು," ಎಂದು ಕಟ್ಟಿನಯ್ಯ ಅದರ ಮೇಲೆ ಉಳಿದಿದ್ದ ತನ್ನ ಬೆರಳ ಗುರುತನ್ನು ಒರೆಸಿದ.