ಅರ್ಧ ಓದಿದ ವಾಕ್ಯ

ಅನುಗೊಂಡನಹಳ್ಳಿ ಹೋಬಳಿಯ ಮಿಷನ್ ಪಾಳ್ಯದಲ್ಲಿ, ಸಮಾಧಿ ತೋಟದ ಬಾಗಿಲಿಗೆ ಆಳೆತ್ತರದ ಒಂದು ಕಲ್ಲು ನಿಂತಿದೆ. ಪಾಳ್ಯವನ್ನು ಕಟ್ಟಿಸಿದ ಬಿಳಿ ಮಿಷನರಿ ದೊರೆ ನಿಲ್ಲಿಸಿ ಹೋದದ್ದು. ಕಲ್ಲಿನ ಮೇಲರ್ಧದಲ್ಲಿ, ಸತ್ತವರನ್ನು ಎಬ್ಬಿಸುವವನು ತಾನೇ ಎಂದು ಯೇಸು ಹೇಳಿದ ಮಾತಿದೆ. ಅದರ ಕೆಳಗೆ ಅದೇ ಅಳತೆಯ ಅಕ್ಷರದಲ್ಲಿ, ‘ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡವನಿಗೆ ಈ ಪವಿತ್ರ ಭೂಮಿಯಲ್ಲಿ ಪಾಲಿಲ್ಲ’ ಎಂದಿದೆ. ಮೇಲಿನದು ಸತ್ಯವೇದದ್ದು ಅಂದರೆ ಬೈಬಲಿನದು, ಕೆಳಗಿನದು ದೊರೆಯ ಕಟ್ಟಳೆ. ನಡುವೆ ಒಂದು ಗೆರೆ ಎಳೆಯಬೇಕೆಂದು ಕಲ್ಲುಕುಟಿಗನಿಗೆ ಹೊಳೆಯಲಿಲ್ಲ, ದೊರೆಗೂ ಹೊಳೆಯಲಿಲ್ಲ. ಹಾಗಾಗಿ ಪಾಳ್ಯದವರು ತಲೆಮಾರುಗಳಿಂದ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಹೆಣ ಒಳಗೆ ಹೋಗುವ ಮೊದಲು ಎಲ್ಲರೂ ಆ ಕಲ್ಲಿನ ಮುಂದೆ ನಿಂತು ಅದನ್ನು ಒಪ್ಪಿಸುತ್ತಾರೆ. ಸಂಡೇ ಸ್ಕೂಲಿನ ಮಕ್ಕಳು ಬಾಯಿಪಾಠ ಮಾಡಿ ಪೆನ್ಸಿಲ್ ಬಹುಮಾನ ಗೆಲ್ಲುತ್ತಾರೆ.

ಪಾಸ್ಟರ್ ಶ್ರೀಧರ್ ಅವರಿಗೆ ಇದು ವರ್ಗವಾಗಿ ಬಂದ ವಾರವೇ ಗೊತ್ತಾಯಿತು. ಗೊತ್ತಾಗದೆ ಏನು? ಬೆಂಗಳೂರಿನ ದೇವಶಾಸ್ತ್ರದ ಕಾಲೇಜಿನಲ್ಲಿ ಕ್ರೈಸ್ತ ಸಭೆಯ ಇತಿಹಾಸಕ್ಕೆ ಪದಕ ತೆಗೆದುಕೊಂಡ ಮನುಷ್ಯ. ಆವತ್ತು ಮನೆಗೆ ಬಂದು ಹೆಂಡತಿ ಪ್ರಮೋದಾ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ‘ದೊರೆ ಬರ್ಸಿದ್ದನ್ನ ದೇವ್ರು ಹೇಳಿದ್ದು ಅನ್ಕೊಂಡಿದಾರೆ ಕಣೇ ಇವರು! ಬರೋ ಭಾನುವಾರ ಪ್ರಸಂಗದಲ್ಲಿ ಹೇಳ್ಬಿಡ್ತೀನಿ.’ ಆ ಭಾನುವಾರ ಬಂತು, ಹೋಯಿತು. ಆಮೇಲೆ ಎರಡು ವರ್ಷದ ಭಾನುವಾರಗಳೆಲ್ಲ ಹಾಗೇ ಹೋದವು. ಕಲ್ಲಿನಿಂದ ಯಾರಿಗೇನು ತೊಂದರೆ ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಿಜ ಹೇಳಬೇಕೆಂದರೆ ಅವರಿಗೆ ಸಭಾ ಸಮಿತಿಯ ಕಾರ್ಯದರ್ಶಿ ಕೆಂಪರಾಜ್ ಕಂಡರೆ ಭಯ. ಬಿಷಪ್ಪರ ಕಚೇರಿಯಲ್ಲಿ ಕೆಂಪರಾಜ್ ಮಾತಿಗೆ ತೂಕವಿತ್ತು. ಬರುವ ಏಪ್ರಿಲ್‌ನಲ್ಲಿ ಶ್ರೀಧರ್ ಅವರಿಗೆ ಬೆಂಗಳೂರಿನ ದೊಡ್ಡ ಚರ್ಚಿಗೆ ವರ್ಗವಾಗುವ ಮಾತು ನಡೆದಿತ್ತು, ಪ್ರಮೋದಾ ಆಗಲೇ ಮಗಳಿಗೆ ಅಲ್ಲಿನ ಶಾಲೆ ನೋಡಿಟ್ಟಿದ್ದಳು.

ಇಂಥ ಹೊತ್ತಿನಲ್ಲಿ ಕೀರ್ತನ ವಿಷ ಕುಡಿದು ಸತ್ತಳು. ವಿಧವೆ ಅಂಜಿನಮ್ಮನ ಒಬ್ಬಳೇ ಮಗಳು, ಹೊಸಕೋಟೆಯ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದವಳು. ಮದುವೆ ಗೊತ್ತಾಗಿತ್ತು. ಚರ್ಚಿನ ಪದ್ಧತಿಯಂತೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಹೇಳಿ ವಿವಾಹ ಪ್ರಕಟಣೆ ಓದಬೇಕು. ಎರಡು ಸಲ ಓದಿಯಾಗಿತ್ತು. ಮೂರನೆಯದರ ಹಿಂದಿನ ದಿನ ಗಂಡಿನ ಕಡೆಯವರು ಬೇರೆ ಸಂಬಂಧ ಕುದುರಿಸಿಕೊಂಡು ಕೈಕೊಟ್ಟರು. ಓದಿದ್ದನ್ನು ಓದಿಯೇ ರದ್ದು ಮಾಡಬೇಕು, ಅದೇ ಕ್ರಮ ಎಂದು ಕೆಂಪರಾಜ್ ಹೇಳಿದರು. ಶ್ರೀಧರ್ ಹಾಗೇ ಓದಿದರು. ಪ್ರಕಟಣೆ ರದ್ದಾಗಿದೆ ಎಂದು ಅವರು ಓದುವಾಗ ಕೀರ್ತನ ಹಾಡುವವರ ಸಾಲಿನಲ್ಲಿ ಎಲ್ಲರಿಗೂ ಕಾಣುವಂತೆ ಕೂತಿದ್ದಳು. ಪಾಳ್ಯದ ಹೆಂಗಸರು ತಿರುತಿರುಗಿ ನೋಡಿದರು. ವಾರ ತುಂಬುವ ಮೊದಲೇ ಅವಳ ಹೆಣ ಹೊಸಕೋಟೆಯ ಆಸ್ಪತ್ರೆ ಸೇರಿತ್ತು.

ಹೆಣ ಮನೆಗೆ ಬರುವ ಬೆಳಿಗ್ಗೆ ಅಂಜಿನಮ್ಮ ಪಾಸ್ಟರ ಮನೆಯ ಜಗಲಿಗೆ ಬಂದು ಕೂತಳು. ಗಂಡನ ಹಳೆಯ ಸತ್ಯವೇದವನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ.

‘ಸ್ತೋತ್ರ ಅಯ್ಯನವರೇ. ಅವಳನ್ನ ಅವರಪ್ಪನ ಪಕ್ಕ ಮಲಗಿಸ್ಬೇಕು. ಕಲ್ಲಿನ ವಾಕ್ಯ ಏನ್ ಹೇಳ್ತದೆ ಅಂತ ನಂಗೊತ್ತು. ಆದ್ರೂ ಏನಾನ ದಾರಿ ಐತಾ ನೋಡಿ. ಮಗೀಗೆ ಕತ್ಲೆ ಅಂದ್ರೆ ಭಯ, ಒಬ್ಳನ್ನೇ ಆಚೆ ಹೆಂಗ್ ಬಿಡ್ಲಿ?’

ಶ್ರೀಧರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅಂಜಿನಮ್ಮನಿಗೆ ಎಷ್ಟೋ ಒಳ್ಳೆಯದಾಗುತ್ತಿತ್ತು. ಅವರ ಕಣ್ಣಲ್ಲಿ ನೀರು ಬಂತು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

‘ಅಮ್ಮಾ, ಕಲ್ಲಲ್ಲಿ ಕೆಳಗಡೆ ಇರೋದು ದೇವ್ರ ವಾಕ್ಯ ಅಲ್ಲ. ಅದು ದೊರೆ ಮಾಡಿದ ನಿಯಮ. ಸತ್ಯವೇದದಲ್ಲಿ ಎಲ್ಲೂ ಹಂಗಿಲ್ಲ.’

ಪದಕದ ಮನುಷ್ಯನಿಗೆ ಮಾತು ಸಲೀಸಾಗಿ ಹರಿಯಿತು. ತನ್ನನ್ನು ತಾನು ಕೊಂದುಕೊಳ್ಳುವುದು ಕೊಲೆಯೇ ಎಂದು ಅಗಸ್ಟೀನ್ ಎಂಬ ಬಿಷಪ್ಪರು ಬರೆದದ್ದು ಯೇಸು ಬಂದು ಹೋದ ನಾನ್ನೂರು ವರ್ಷದ ಮೇಲೆ. ಅಂಥವರಿಗೆ ಪ್ರಾರ್ಥನೆ ಕೂಡದು, ಹಾಡು ಕೂಡದು ಎಂದು ಪೋರ್ಚುಗಲ್ ಕಡೆಯ ಬಿಷಪ್ಪರು ಸಭೆ ಸೇರಿ ತೀರ್ಮಾನಿಸಿದ್ದು ಅದಕ್ಕೂ ನೂರೈವತ್ತು ವರ್ಷದ ಮೇಲೆ. ಆ ಕಟ್ಟಳೆ ದೇಶದಿಂದ ದೇಶಕ್ಕೆ ದಾಟಿ, ಕೊನೆಗೆ ದೊರೆಯ ಪೆಟ್ಟಿಗೆಯಲ್ಲಿ ಕೂತು ಪಾಳ್ಯಕ್ಕೆ ಬಂತು. ಹೇಳುತ್ತಾ ಹೇಳುತ್ತಾ ಅವರಿಗೆ ಎದುರಿಗಿರುವವಳ ಮಗಳು ಸತ್ತಿದ್ದಾಳೆ ಎಂಬುದೂ ಒಂದು ಗಳಿಗೆ ಮರೆತುಹೋಯಿತು.

ಅಂಜಿನಮ್ಮನಿಗೆ ಬಿಷಪ್ಪರು ಬೇಕಿರಲಿಲ್ಲ. ‘ವೇದದಾಗೆ ಹಿಂಗೆ ಮಾಡ್ಕಂಡೋರು ಯಾರಾನ ಅವ್ರಾ? ಅವರನ್ನ ಎಲ್ಲಿ ಮಣ್ಣು ಮಾಡಿದ್ರು?’ ಎಂದಳು.

ಶ್ರೀಧರ್ ಅವಳ ಪುಸ್ತಕ ತೆಗೆದುಕೊಂಡು ಎರಡನೆಯ ಸಮುವೇಲದ ಹದಿನೇಳನೆಯ ಅಧ್ಯಾಯ ಬಿಡಿಸಿದರು. ಅಹೀತೋಫೆಲ ಎಂಬ ಮಂತ್ರಿ. ರಾಜಕುಮಾರ ತನ್ನ ಮಾತನ್ನು ತಳ್ಳಿಹಾಕಿದನೆಂದು ಕತ್ತೆ ಏರಿ ಊರಿಗೆ ಹೋದ, ಮನೆಯ ಏರ್ಪಾಡು ಮಾಡಿದ, ಉರುಲು ಹಾಕಿಕೊಂಡು ಸತ್ತ. ಅವನನ್ನು ಅವನ ತಂದೆಯ ಸಮಾಧಿಯಲ್ಲಿ ಹೂಣಿಟ್ಟರು.

‘ಅವರಪ್ಪನ ಗೋರೀಲಾ?’

‘ಹೌದಮ್ಮ. ಅವರಪ್ಪನ ಗೋರೀಲೇ.’

ಅಂಜಿನಮ್ಮ ಅದನ್ನು ಮತ್ತೆ ಮತ್ತೆ ಓದಿಸಿದಳು. ಹಾಡುಗಳನ್ನು ಕಲಿತ ಹಾಗೆ, ತುಟಿ ಅಲ್ಲಾಡಿಸುತ್ತಾ ಕಲಿತಳು. ಹಾಳೆಯ ನಡುವೆ ದಾರ ಇಟ್ಟುಕೊಂಡು ಎದ್ದವಳು ಶ್ರೀಧರ್ ಕೈಯನ್ನು ಹಣೆಗೆ ಒತ್ತಿಕೊಂಡಳು. ಅವತ್ತಿನ ದಿನ ಆ ಹೆಂಗಸಿಗೆ ಸಿಕ್ಕ ಸಂತೋಷ ಅದೊಂದೇ.

ಅವಳು ಹೋಗಿ ಬಹಳ ಹೊತ್ತಾಗಿರಲಿಲ್ಲ, ಕೆಂಪರಾಜ್ ಬಂದರು. ಅಂಜಿನಮ್ಮ ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋಗಿದ್ದಳು. ಕೂರಿ ಎಂದರೂ ಅವರು ಕೂರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ, ಒಗೆದ ಬಿಳಿ ಅಂಗಿ.

‘ಏನ್ ಅಯ್ಯನವರೇ, ಕಲ್ಲಿನ ಮೇಲಿರೋದು ವಾಕ್ಯ ಅಲ್ಲ ಅಂದ್ರಂತೆ?’

‘ಅದು ಹಂಗಲ್ಲ... ಇತಿಹಾಸ ನೋಡಿದ್ರೆ...’

‘ಇತಿಹಾಸ ನಾನ್ ಹೇಳ್ತೀನಿ ಕೇಳಿ. ನಮ್ಮಣ್ಣ ಇದೇ ಕೆಲ್ಸ ಮಾಡ್ಕೊಂಡ. ಆವಾಗ ಸಭಾ ಹಿರಿಯರು ನಮ್ಮಪ್ಪನೇ. ಹೆತ್ತ ಮಗನ್ನ ಗೋಡೆ ಆಚೆ, ನೀಲಗಿರಿ ತೋಪಿನಲ್ಲಿ ಹಾಕ್ಸಿದ್ರು. ನಮ್ಮವ್ವ ಆ ಕಲ್ಲು ತಬ್ಕೊಂಡು ಹೊರಳಾಡಿದ್ಲು. ದೇವ್ರ ವಾಕ್ಯ ಕಣೇ, ನನ್ ಕೈಲಿಲ್ಲ ಅಂದ್ರು ನಮ್ಮಪ್ಪ. ಅವ್ವ ಸಾಯೋಗಂಟ ಅವರ ಜೊತೆ ಮಾತಾಡ್ಲಿಲ್ಲ. ಈಗ ನೀವು ಬಂದು ವಾಕ್ಯ ಅಲ್ಲ ಅಂದ್ರೆ, ನಮ್ಮಣ್ಣನ್ನ ಆಚೆ ಹಾಕಿದ್ದು ಯಾರು? ದೇವ್ರಾ, ನಮ್ಮಪ್ಪನಾ?’

ಶ್ರೀಧರ್ ಮತ್ತೆ ಕುರ್ಚಿಯನ್ನು ಅವರ ಕಡೆ ಸರಿಸಿದರು.

‘ಮಧ್ಯಾಹ್ನ ಎಲ್ಲರ ಮುಂದೆ ಕೇಳ್ತೀನಿ. ಯೋಚ್ನೆ ಮಾಡಿ ಹೇಳಿ,’ ಎಂದ ಕೆಂಪರಾಜ್, ಮೆಟ್ಟಿಲಿಳಿದವರು ಮತ್ತೆ ತಿರುಗಿದರು. ‘ಬಿಷಪ್ಪರು ಮೊನ್ನೆ ಫೋನ್ ಮಾಡಿದ್ರು. ನಿಮ್ ಬಗ್ಗೆ ಇನ್ನೂ ಏನೂ ಹೇಳಿಲ್ಲ ನಾನು.’

ಪ್ರಮೋದಾ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ತಟ್ಟೆ ತಂದಿಟ್ಟು, ಮಗಳ ಶಾಲೆಯ ಅರ್ಜಿಗೆ ಫೋಟೋ ತೆಗೆಸಬೇಕು ಎಂದಳು, ಅಷ್ಟೇ.

ಮಧ್ಯಾಹ್ನ ಪೆಟ್ಟಿಗೆಯನ್ನು ತಂದು ಕಲ್ಲಿನ ಮುಂದೆ ಇಳಿಸಿದರು. ಪಾಳ್ಯವೆಲ್ಲ ನೆರೆದಿತ್ತು. ಎಂದಿನಂತೆ ಕಲ್ಲಿನ ಮಾತನ್ನು ಒಪ್ಪಿಸತೊಡಗಿದರು. ಮೇಲಿನ ಸಾಲು ಮುಗಿದು ಕೆಳಗಿನದಕ್ಕೆ ಬರುತ್ತಿದ್ದಂತೆ ಅಂಜಿನಮ್ಮ ಎದ್ದು ಕೈ ಅಡ್ಡ ಹಿಡಿದಳು.

‘ನಿಲ್ಸಿ! ಅದು ವೇದದಾಗಿಲ್ಲ. ಅಯ್ಯನವ್ರು ತೋರಿಸ್ಕೊಟ್ಟವ್ರೆ. ಓದಿ ಅಯ್ಯನವರೇ, ಬೆಳಿಗ್ಗೆ ಓದಿದ್ದನ್ನ ಎಲ್ರಿಗೂ ಓದಿ.’

ಅವಳು ದಾರವಿದ್ದ ಹಾಳೆ ಬಿಡಿಸಿ ಪುಸ್ತಕವನ್ನು ಅವರ ಕೈಗಿಟ್ಟಳು. ಶ್ರೀಧರ್ ಕೆಂಪರಾಜ್ ಕಡೆ ನೋಡಿದರು. ಆ ಮುಖದಲ್ಲಿ ಸಿಟ್ಟಿದ್ದಿದ್ದರೆ ಧೈರ್ಯ ಬರುತ್ತಿತ್ತೋ ಏನೋ. ಅಲ್ಲಿದ್ದದ್ದು ಅಂಗಲಾಚುವ ನೋಟ. ಶ್ರೀಧರ್ ಓದಲು ಶುರುಮಾಡಿದರು. ಅಹೀತೋಫೆಲ ಕತ್ತೆ ಏರಿದ, ಊರಿಗೆ ಹೋದ, ಮನೆಯ ಏರ್ಪಾಡು ಮಾಡಿದ, ಉರುಲು ಹಾಕಿಕೊಂಡು ಸತ್ತ. ಅಲ್ಲಿಗೆ ನಿಲ್ಲಿಸಿ ಪುಸ್ತಕ ಮಡಚಿದರು.

‘ಮಿಕ್ಕಿದ್ದೂ ಓದಿ,’ ಎಂದಳು ಅಂಜಿನಮ್ಮ.

‘ಅಷ್ಟೇ ಅಮ್ಮ ಇರೋದು.’

‘ಅಷ್ಟೇ ಅಲ್ಲ! ಅವನನ್ನು ಅವನ ತಂದೆಯ ಸಮಾಧಿಯಲ್ಲಿ ಹೂಣಿಟ್ಟರು. ನಂಗೆ ಬಾಯಿಗೆ ಬರ್ತದೆ. ನೀವೇ ಹೇಳ್ಕೊಟ್ರಿ.’

ಜನರ ನಡುವೆ ಗುಸುಗುಸು ಎದ್ದಿತು. ಕೆಂಪರಾಜ್ ಮುಂದೆ ಬಂದರು. ಕನ್ನಡಕ ಜೇಬಿನಲ್ಲೇ ಇತ್ತು. ಪುಸ್ತಕಕ್ಕೆ ಕೈ ಚಾಚಿದ್ದರೆ ಅವರಿಗೇ ಕಾಣುತ್ತಿತ್ತು, ಚಾಚಲಿಲ್ಲ.

‘ಹಂಗೆ ಬರ್ದೈತಾ ಅಯ್ಯನವರೇ?’

ಒಂದು ‘ಹೌದು’ ಸಾಕಿತ್ತು. ಹೆಣ ಒಳಗೆ ಹೋಗುತ್ತಿತ್ತು, ಕತ್ತಲೆಗೆ ಹೆದರುವ ಹುಡುಗಿ ಅಪ್ಪನ ಪಕ್ಕ ಮಲಗುತ್ತಿದ್ದಳು.

‘ಇಲ್ಲ,’ ಎಂದರು ಶ್ರೀಧರ್. ‘ದುಃಖದಲ್ಲಿ ಅವರೇ ಸೇರಿಸ್ಕೊಂಡಿದಾರೆ ಪಾಪ.’

ಕೆಂಪರಾಜ್ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ಅಲ್ಲಿದ್ದ ಯಾರಿಗೂ ಪಾಸ್ಟರ ಮಾತನ್ನು ಅನುಮಾನಿಸಬೇಕೆಂದು ಅನಿಸಲಿಲ್ಲ. ಕಲ್ಲಿನ ಕೆಳಗಿನ ಸಾಲನ್ನು ಈ ಸಲ ಮೊದಲಿಗಿಂತ ಜೋರಾಗಿ ಹೇಳಿದರು. ಪೆಟ್ಟಿಗೆ ಗೋಡೆಯ ಹೊರಗೆ ನೀಲಗಿರಿ ತೋಪಿಗೆ ಹೋಯಿತು. ಕಟ್ಟಳೆಯ ಪ್ರಕಾರ ಪಾಸ್ಟರು ಅಲ್ಲಿಗೆ ಬರುವಂತಿಲ್ಲ, ಹಾಡೂ ಇಲ್ಲ. ಅಂಜಿನಮ್ಮ ಕೈಯಲ್ಲಿ ಮಣ್ಣು ಎಳೆದೆಳೆದು ಹಾಕುತ್ತಿದ್ದುದು ಶ್ರೀಧರ್ ನಿಂತಲ್ಲಿಗೆ ಗೋಡೆಯ ಮೇಲಿಂದ ಕಾಣುತ್ತಿತ್ತು. ಅವರು ಹೊಟ್ಟೆನೋವೆಂದು ಮನೆಗೆ ಹೋದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು. ಸಮಿತಿ ಸೇರಿತು. ಹೆಣದ ಮುಂದೆ ನಿಂತು ದೇವರ ವಾಕ್ಯಕ್ಕೆ ಇಲ್ಲದ್ದನ್ನು ಸೇರಿಸಿದ್ದು ಸಣ್ಣ ತಪ್ಪಲ್ಲ, ಅಂಜಿನಮ್ಮ ಭಾನುವಾರ ಸಭೆಯ ಮುಂದೆ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ನಾಳೆ ಅವಳಿಗೂ ಗಂಡನ ಪಕ್ಕ ಜಾಗವಿಲ್ಲ ಎಂದು ತೀರ್ಮಾನವಾಯಿತು. ಶ್ರೀಧರ್ ಬೇಡವೆನ್ನಲು ಬಾಯಿ ತೆರೆದರು. ಬೇಡವೆಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ತೆರೆದ ಬಾಯನ್ನು ಮುಚ್ಚಿಕೊಂಡರು.

ಶನಿವಾರ ಸಂಜೆ ಅಂಜಿನಮ್ಮ ಮತ್ತೆ ಜಗಲಿಗೆ ಬಂದಳು. ಬೈಯಲು ಬಂದಳೆಂದು ಶ್ರೀಧರ್ ಎದೆ ಗಟ್ಟಿ ಮಾಡಿಕೊಂಡರು. ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು.

‘ಅಯ್ಯನವರೇ, ನಾನು ಎಲ್ರ ಮುಂದೆ ನಿಮ್ಮನ್ನ ಸುಳ್ಳುಗಾರನ ಹಂಗೆ ಮಾಡ್ಬಿಟ್ಟೆ,’ ಎಂದಳು ಅವಳು. ‘ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನಂಗೆ ಓದು ಬರಲ್ಲ, ನಿಮಗೆ ಬರ್ತದೆ. ಪುಸ್ತಕ ಕೈಯಾಗೆ ಹಿಡ್ಕಂಡು ದೇವ್ರ ಮನುಷ್ಯ ಸುಳ್ಳು ಹೇಳ್ತಾರಾ? ಮಗಳ ಆಸೆಗೆ ನನ್ ತಲೇನೇ ಏನೋ ಕಟ್ಕಂಡದೆ. ಸೈತಾನನ ಕೆಲ್ಸ. ನಾಳೆ ಕೇಳ್ಕತೀನಿ ಬಿಡಿ, ತಪ್ಪು ನಂದೇ.’

‘ಅಂಜಿನಮ್ಮಾ...’ ಎಂದರು ಶ್ರೀಧರ್. ಮುಂದಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

‘ಒಂದೇ ಒಂದು ಹೇಳಿ,’ ಎಂದಳು ಅವಳು ತಗ್ಗಿದ ದನಿಯಲ್ಲಿ. ‘ಆ ವಾಕ್ಯ ಇಲ್ಲ ಅಂದ್ಮೇಲೆ ನನ್ ಮಗಳು ನರಕಕ್ಕೇ ಹೋದ್ಲಾ?’

ಒಳಗೆ ಪ್ರಮೋದಾ ಯಾರೊಂದಿಗೋ ಫೋನಿನಲ್ಲಿ ಬೆಂಗಳೂರಿನ ಮನೆಯ ನೀರಿನ ಸೌಕರ್ಯ ವಿಚಾರಿಸುತ್ತಿದ್ದಳು. ‘ಪ್ರಾರ್ಥನೆ ಮಾಡೋಣಮ್ಮ,’ ಎಂದರು ಶ್ರೀಧರ್. ಅಂಜಿನಮ್ಮ ಅದನ್ನು ಹೌದು ಎಂದೇ ಅರ್ಥ ಮಾಡಿಕೊಂಡಳು. ತಲೆಯಾಡಿಸಿ ಎದ್ದು ಹೋದಳು.

ಭಾನುವಾರ ಅವಳು ಬಿಳಿ ಸೀರೆಯುಟ್ಟು ವೇದಿಕೆಯ ಮುಂದೆ ಮೊಣಕಾಲೂರಿದಳು. ಕಲಿಸಿಕೊಟ್ಟದ್ದನ್ನು ತಪ್ಪಿಲ್ಲದೆ ಹೇಳಿದಳು. ‘ದೇವ್ರ ವಾಕ್ಯದಾಗೆ ಇಲ್ಲದ್ದನ್ನ ಐತೆ ಅಂದೆ. ಅಯ್ಯನವರ ಮ್ಯಾಲೆ ಸುಳ್ಳು ಹೊರಿಸ್ದೆ. ನನ್ನ ಕ್ಷಮಿಸ್ಬುಡಿ.’ ಮುಂದಿನ ಸಾಲಿನಲ್ಲಿ ಕೆಂಪರಾಜ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಹಿಂದೆ ಕೂತ ಹೆಂಗಸರಲ್ಲೂ ಕೆಲವರು ಅತ್ತರು. ಎಲ್ಲರೂ ಪಾಸ್ಟರ ಬಾಯಿ ನೋಡುತ್ತಿದ್ದರು.

ಅಂಜಿನಮ್ಮ ತಲೆಯೆತ್ತಿ ನಂಬಿಕೆಯಿಂದ ಅವರನ್ನೇ ನೋಡಿದಳು. ಶ್ರೀಧರ್ ಬಲಗೈಯನ್ನು ಅವಳ ತಲೆಯ ಮೇಲಿಟ್ಟು, ಸಭೆಯ ಪರವಾಗಿ ಅವಳನ್ನು ಕ್ಷಮಿಸಿದರು.