ಒಂಬತ್ತು ಪಾರ್ಕು, ಒಂದು ತೋಳು

ಒಂದೇ ದಿನದಲ್ಲಿ ಒಂಬತ್ತು ಥೀಮ್ ಪಾರ್ಕು ಸುತ್ತಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ಬೆಳಿಗ್ಗೆ ಎಂಟಕ್ಕೆ ಹೊರಟೆ, ಸಂಜೆ ಆರಕ್ಕೆ ಮುಗಿಸಿದೆ. ನಡುವೆ ಒಂದು ಬೆಂಚಿನ ಮೇಲೆ ಮುಕ್ಕಾಲು ಗಂಟೆ ಗೊರಕೆಯನ್ನೂ ಹೊಡೆದೆ. ಐದನೆಯ ಪಾರ್ಕಿನ ಜಾರುಬಂಡಿಯಲ್ಲಿ ಎಷ್ಟು ವೇಗವಾಗಿ ಜಾರಿದೆನೆಂದರೆ, ನನ್ನ ನೆರಳು ಕೆಳಗೆ ತಲುಪುವಷ್ಟರಲ್ಲಿ ನಾನು ತಲೆ ಒರೆಸಿಕೊಂಡು, ಅಂಗಿ ಬದಲಿಸಿ, ಆರನೆಯ ಪಾರ್ಕಿನ ಸಾಲಿನಲ್ಲಿ ನಿಂತಿದ್ದೆ. ನೆರಳು ಏದುಸಿರು ಬಿಡುತ್ತ ಹಿಂದಿನಿಂದ ಬಂದು ಸೇರಿಕೊಂಡಿತು. ನಂಬದಿದ್ದರೆ ಬಿಡಿ, ನಷ್ಟ ನಿಮ್ಮದೇ.

ನನ್ನ ಕಸುಬು ರಬ್ಬರ್ ಮುದ್ರೆ ಮಾಡುವುದು. ಅಂಗಡಿ ಸಣ್ಣದು, ಗಿರಾಕಿ ಒಳಗೆ ಬಂದರೆ ನಾನು ಉಸಿರು ಒಳಗೆಳೆದುಕೊಳ್ಳಬೇಕು. ಒಂದು ಬಿಸಿ ಒತ್ತುಯಂತ್ರ, ಮರದ ಹಿಡಿಗಳ ಡಬ್ಬ, ಮಾಡಿದ ಪ್ರತಿಯೊಂದು ಮುದ್ರೆಯ ಒಂದೊಂದು ಮಾದರಿ ಇಟ್ಟಿರುವ ಉದ್ದನೆಯ ಡ್ರಾಯರು. ಆದರೆ ಈ ಊರಿನಲ್ಲಿ ಒಂದು ಕಾಗದ ಈ ಮೇಜಿನಿಂದ ಆ ಮೇಜಿಗೆ ಹೋಗಬೇಕಾದರೂ ನನ್ನ ಕೈಯ ಮುದ್ರೆ ಬೇಕು. ನಾನು ಒಂದು ವಾರ ಬಾಗಿಲು ಹಾಕಿದರೆ ಸರ್ಕಾರ ಬಿದ್ದುಹೋಗುತ್ತದೆ. ಕುತ್ತಿಗೆಯಲ್ಲಿ ಕರಿ ದಾರಕ್ಕೆ ಭೂತಗನ್ನಡಿ ಸದಾ ತೂಗುತ್ತಿರುತ್ತದೆ. ಒಂದು ಅಕ್ಷರ ಕೂದಲೆಳೆಯಷ್ಟು ವಾಲಿದರೂ ಆ ಮುದ್ರೆಯನ್ನು ಕತ್ತರಿಸಿ ಬಿಸಾಡುತ್ತೇನೆ. ಸೊಟ್ಟ ಮುದ್ರೆ ಒತ್ತುವ ಕೈ ನನಗೆ ಹುಟ್ಟಿನಿಂದಲೇ ಬಂದಿಲ್ಲ.

ಇನ್ನು ನನ್ನ ಭಾವಮೈದನ ವಿಷಯ. ಹೆಂಡತಿಯ ತಮ್ಮ. ಕಾರು ಓಡಿಸಲು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ನಾನು ಅವನಿಗಿಟ್ಟ ಹೆಸರು ಸೆಕೆಂಡ್ ಗೇರ್. ಜೀವಮಾನದಲ್ಲಿ ಮೂರನೆಯ ಗೇರಿಗೆ ಹೋಗಿಲ್ಲ. ಮದುವೆಗೆ ಹುಡುಗಿ ನೋಡಲು ಹೋಗುವಾಗಲೂ ಎರಡು ಕಡೆ ಕೈ ಹೊರಗೆ ಹಾಕಿ ಸಿಗ್ನಲ್ ಕೊಟ್ಟ ಗಿರಾಕಿ. ಇಂಥವನು ಹೋದ ವರ್ಷ ಒಂದು ದಿನದಲ್ಲಿ ಐದು ಥೀಮ್ ಪಾರ್ಕು ನೋಡಿ ಬಂದನಂತೆ. ಐದು ಬಾಗಿಲ ಮುಂದೆ ಹಲ್ಲು ಕಿರಿದು ನಿಂತ ಐದು ಫೋಟೋಗಳನ್ನು ಒಂದೇ ಚೌಕಟ್ಟಿಗೆ ಹಾಕಿಸಿ, ನಮ್ಮ ಅತ್ತೆಯ ಮನೆಯ ಊಟದ ಕೋಣೆಯಲ್ಲಿ, ಸರಿಯಾಗಿ ನನ್ನ ಕುರ್ಚಿಯ ಎದುರಿಗೆ ತೂಗುಹಾಕಿದ. ಪ್ರತಿ ಭಾನುವಾರ ನಾನು ತುತ್ತೆತ್ತಿದರೆ ಹತ್ತು ಸಾಲು ಹಲ್ಲು ನನ್ನನ್ನು ನೋಡುತ್ತವೆ.

ಒಂದು ಭಾನುವಾರ ತಡೆಯಲಾಗಲಿಲ್ಲ. "ಐದು ಯಾವ ಮಹಾ? ನಾನು ಒಂಬತ್ತು ಮಾಡ್ತೀನಿ. ಅದೂ ಸ್ಕೂಟರಲ್ಲಿ."

"ಭಾವ, ನೀವು ಮಾತಲ್ಲಿ ತೊಂಬತ್ತು ಬೇಕಾದ್ರೂ ಮಾಡ್ತೀರ," ಅಂದ ಸೆಕೆಂಡ್ ಗೇರ್.

"ರೀ, ಸುಮ್ನೆ ಊಟ ಮಾಡಿ," ಅಂದಳು ಹೆಂಡತಿ.

"ಮಾಡಿ ತೋರಿಸಿದ್ರೆ? ಆ ಹಲ್ಲಿನ ಅಂಗಡೀನ ಗೋಡೆಯಿಂದ ಇಳಿಸ್ತೀಯಾ?"

"ಇಳಿಸ್ತೀನಿ. ಮಾಡದೇ ಇದ್ರೆ ಒಂದು ವರ್ಷ ಈ ಮೇಜಲ್ಲಿ ನೀವು ಬಾಯಿ ತೆಗೆಯೋದು ತುತ್ತಿಗೆ ಮಾತ್ರ. ಕತೆ ಇಲ್ಲ, ಕೊಚ್ಚೋದಿಲ್ಲ. ಒಪ್ಪಿಗೆನಾ?"

ನನ್ನ ಕೈ ಕಡಿಯಿರಿ, ಕಾಲು ಕಡಿಯಿರಿ, ಆದರೆ ಭಾನುವಾರದ ಊಟಕ್ಕೆ ಕೂತು ಬಾಯಿ ಮುಚ್ಚಿಕೊಂಡಿರು ಅಂದರೆ ನಾನು ಬದುಕುವುದಾದರೂ ಹೇಗೆ? ವಾರವಿಡೀ ಆ ಬಿಲದಂಥ ಅಂಗಡಿಯಲ್ಲಿ ಅಕ್ಷರಗಳನ್ನು ಹಿಂದುಮುಂದಾಗಿ ಓದುತ್ತ ಕೂರುವುದು ಆ ಒಂದು ಗಂಟೆಯ ಆಸೆಗೇ ತಾನೆ? ಆದರೂ "ಒಪ್ಪಿಗೆ" ಅಂದೆ.

"ಬಾಗಿಲಲ್ಲಿ ನಿಂತ್ಕೊಂಡು ಫೋಟೋ ತೆಗೆಸ್ಕೊಂಡು ಬಂದ್ರೆ ಆಗಲ್ಲ," ಅಂತ ಸೆಕೆಂಡ್ ಗೇರ್ ಕಾನೂನು ಹೇಳಿದ. "ಒಳಗೆ ಬಿಡುವಾಗ ಕೈಗೆ ಮುದ್ರೆ ಒತ್ತುತ್ತಾರಲ್ಲ, ಅದು ಬೇಕು. ಒಂಬತ್ತು ಪಾರ್ಕು, ಒಂಬತ್ತು ಮುದ್ರೆ. ಪ್ರತಿಯೊಂದರಲ್ಲೂ ಒಂದಾದ್ರೂ ಆಟ."

ಮುದ್ರೆ ಬೇಕಂತೆ, ಮುದ್ರೆ! ನಾನು ನೀರು ಕುಡಿಯುವ ನೆಪದಲ್ಲಿ ಲೋಟದೊಳಗೆ ನಕ್ಕೆ. ಆ ನಗುವಿನ ವಿಷಯ ಆಮೇಲೆ. ಅತ್ತೆ ಮಾತ್ರ ಮೇಜಿನ ಆ ತುದಿಯಲ್ಲಿ ಚಮಚ ಒರೆಸುತ್ತ ನನ್ನನ್ನೇ ನೋಡುತ್ತಿದ್ದರು. ಅವರು ನಿವೃತ್ತರು. ಮೂವತ್ತೆಂಟು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವರು, ಮಾತು ಕಡಿಮೆ.

ಮುಂದಿನ ಶನಿವಾರ ಹೊರಟೆ. ಮೊದಲನೆಯ ಪಾರ್ಕು ಕಾಡಿನದಂತೆ. ಕಾಡು ಅಂದರೆ ಹಸಿರು ಬಣ್ಣ ಬಳಿದ ಕೊಳವೆಗಳು. ಸಿಮೆಂಟಿನ ಬಂಡೆಯ ಮೇಲೆ "ಬಂಡೆ ಹತ್ತಬೇಡಿ" ಎಂಬ ಫಲಕ. ಬಾಗಿಲಿನ ಕಾವಲುಗಾರ ಆಕಳಿಸುತ್ತಲೇ ನನ್ನ ಎಡಗೈ ಎಳೆದು, ನೊಣ ಹೊಡೆದ ಹಾಗೆ ಒಂದು ಮುದ್ರೆ ಜಡಿದ. ಅರ್ಧ ಮೂಡಿತು, ಅರ್ಧ ಕದಡಿತು. ಆ ಮುದ್ರೆ ಮಾಡಿದವನ ಹೊಟ್ಟೆ ಎಷ್ಟು ಉರಿದಿರಬೇಡ!

ಎರಡನೆಯದು ಡೈನೋಸಾರುಗಳದು. ಬಾಲ ಅಲ್ಲಾಡಿಸುವ ಮೋಟಾರು ಕೆಟ್ಟು, ಆ ಪ್ರಾಣಿ ಸೊಂಟ ಹಿಡಿದುಕೊಂಡ ಮುದುಕನ ಹಾಗೆ ನರಳುತ್ತಿತ್ತು. ಅದರ ಹೊಟ್ಟೆಯ ಬಾಗಿಲು ತೆರೆದು, ಒಳಗಿನ ತಂತಿಗೆ ನಾನೇ ಎರಡು ಏಟು ಹಾಕಿದೆ. ಅದು ಎಂಥ ಗರ್ಜನೆ ಮಾಡಿತೆಂದರೆ ಪಕ್ಕದ ಪಾರ್ಕಿನ ಜನ ಟಿಕೆಟ್ ವಾಪಸ್ ಕೊಟ್ಟು ಇಲ್ಲಿಗೆ ಓಡಿಬಂದರು. ಮೂರನೆಯದು ಹಿಮಲೋಕ: ಒಂದು ದೊಡ್ಡ ಫ್ರಿಜ್ಜು, ಒಳಗೆ ಇನ್ನೂರು ಜನ, ಎಲ್ಲರ ಮೈಮೇಲೂ ಇನ್ನೂರು ಜನ ಬೆವರಿ ಬಿಟ್ಟುಹೋದ ಕೋಟು. ಇದಕ್ಕೆ ಜನ ಎರಡು ಗಂಟೆ ಸಾಲು ನಿಲ್ಲುತ್ತಾರೆ! ನಾಲ್ಕನೆಯದರಲ್ಲಿ ಜಗತ್ತಿನ ದೊಡ್ಡ ಕಟ್ಟಡಗಳೆಲ್ಲ ಮೊಣಕಾಲೆತ್ತರ. ನಾನು ಮೂರು ಖಂಡಗಳನ್ನು ಒಂದೇ ಹೆಜ್ಜೆಗೆ ದಾಟಿ ಹೊರಬಂದೆ. ಐದನೆಯ ಜಾರುಬಂಡಿಯ ಸಂಗತಿ ಆಗಲೇ ಹೇಳಿದ್ದೇನೆ. ಆರನೆಯ ಪಾರ್ಕಿನ ಭೂತಬಂಗಲೆಯಲ್ಲಿ ಭೂತ ನನ್ನನ್ನು ನೋಡಿ ಹೆದರಿ ಕೆಲಸಕ್ಕೆ ರಾಜೀನಾಮೆ ಕೊಟ್ಟಿತು. ಏಳನೆಯದರ ರಾಕೆಟ್ಟು ನೆಲಬಿಟ್ಟು ಎರಡಡಿ ಏಳುತ್ತದೆ, ಬೆಲ್ಟು ಕಟ್ಟಲು ಮಾತ್ರ ಇಪ್ಪತ್ತು ನಿಮಿಷ. ಎಂಟನೆಯದೂ ಒಂಬತ್ತನೆಯದೂ ಎಷ್ಟು ಸಪ್ಪೆ ಅಂದರೆ ಅವುಗಳ ಬಗ್ಗೆ ಸುಳ್ಳು ಹೇಳಲೂ ಬೇಜಾರು.

ಸಂಜೆ ಆರೂವರೆಗೆ ಅತ್ತೆಯ ಮನೆಯ ಊಟದ ಕೋಣೆಗೆ ನುಗ್ಗಿ, ಎಡತೋಳಿನ ಅಂಗಿ ಮೇಲೇರಿಸಿ, ದೀಪದ ಕೆಳಗೆ ಮೇಜಿನ ಮೇಲೆ ಚಾಚಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಒಂಬತ್ತು ಮುದ್ರೆ. ಮರ, ಡೈನೋಸಾರು, ಹಿಮದ ಹರಳು, ಗೋಪುರ, ಅಲೆ, ಬುರುಡೆ, ರಾಕೆಟ್ಟು, ಹಡಗು, ಕೊನೆಗೆ ಕಿರೀಟ. ಒಂಬತ್ತಕ್ಕೆ ಒಂಬತ್ತು ಬಣ್ಣ.

ಸೆಕೆಂಡ್ ಗೇರ್ ಒಂದೊಂದನ್ನೇ ಬೆರಳಿಟ್ಟು ಎಣಿಸಿದ. "ಅಕ್ಕ, ನಿಜವಾಗ್ಲೂ ಒಂಬತ್ತು ಇದೆ."

"ನಿಜವಾಗ್ಲೂ ಹೋಗಿದ್ರಾ?" ಅಂದಳು ಹೆಂಡತಿ. ಅವಳ ದನಿಯಲ್ಲಿ ಹೆಮ್ಮೆಯಂಥದ್ದೇನೋ ಇತ್ತು. ಮದುವೆಯಾಗಿ ಹದಿನಾರು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ. ಸ್ವಲ್ಪ ಇರುಸುಮುರುಸಾಯಿತು.

"ಮತ್ತೆ? ಸ್ಟೂಲು ತಗೊಂಡು ಬಾರಯ್ಯ, ಹಲ್ಲಿನ ಅಂಗಡಿ ಇಳಿಸು!"

ಅವನು ಸ್ಟೂಲು ತಂದ, ಹತ್ತಿದ, ಚೌಕಟ್ಟಿಗೆ ಕೈಹಾಕಿದ.

"ಇರು," ಅಂದರು ಅತ್ತೆ.

ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ನನ್ನ ಕುತ್ತಿಗೆಯ ಭೂತಗನ್ನಡಿಯನ್ನೇ ದಾರ ಸಮೇತ ತಮ್ಮ ಕಡೆಗೆ ಎಳೆದುಕೊಂಡರು. ಅದರ ಜೊತೆ ನನ್ನ ತಲೆಯೂ ಹೋಯಿತು. ಒಂದೊಂದೇ ಮುದ್ರೆಯ ಮೇಲೆ ಗಾಜು ಸರಿಸಿದರು.

"ಅಳಿಯಂದಿರೇ, ಈ ಮರದ ಮುದ್ರೆ ಒತ್ತಿದವನು ಎಲ್ಲಿ ನಿಂತಿದ್ದ?"

"ಬಾಗಿಲಲ್ಲಿ, ನನ್ನ ಎದುರಿಗೆ."

"ಅದಕ್ಕೇ ಇಲ್ಲಿ ಕೂತ ನನಗೆ ಸರಿಯಾಗಿ ಕಾಣ್ತಿದೆ. ಮರ ನೆಟ್ಟಗಿದೆ. ಉಳಿದ ಎಂಟೂ ನನಗೆ ತಲೆಕೆಳಗು. ಡೈನೋಸಾರು ಕಾಲು ಮೇಲೆ ಮಾಡ್ಕೊಂಡಿದೆ. ಇವು ಎದುರಿಗಿದ್ದವನು ಒತ್ತಿದ್ದಲ್ಲ. ಕೈ ಯಾರದೋ ಅವರೇ ಒತ್ಕೊಂಡಿದ್ದು."

ನಾನು ಅಂಗಿಯ ತೋಳು ಕೆಳಗೆಳೆಯಲು ಹೋದೆ. ಅವರು ಕೈ ಬಿಡಲಿಲ್ಲ.

"ಇನ್ನೊಂದು," ಅಂದರು. "ದಿನಕ್ಕೆ ಸಾವಿರ ಸಲ ಹೊಡೆಯೋನ ಕೈ ನನಗೆ ಗೊತ್ತು. ಮೂವತ್ತೆಂಟು ವರ್ಷ ನಾನೇ ಹೊಡೆದಿದ್ದೀನಿ. ಒಂದೂ ನೆಟ್ಟಗೆ ಬೀಳಲ್ಲ. ಈ ಮರ ನೋಡಿ, ಅರ್ಧ ಕದಡಿದೆ, ನಿಜವಾದ ಮುದ್ರೆ ಅಂದ್ರೆ ಅದು. ಈ ಎಂಟೂ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗಿವೆ. ಇಷ್ಟು ಅಚ್ಚುಕಟ್ಟಾಗಿ ಮುದ್ರೆ ಒತ್ತೋ ಮನುಷ್ಯ ಈ ಊರಲ್ಲಿ ಒಬ್ಬನೇ."

ಜೀವನದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಸೆಕೆಂಡ್ ಗೇರ್ ಸ್ಟೂಲಿನ ಮೇಲಿಂದಲೇ ಕಿರುಚಿದ: "ಹಾಂ! ಪಾರ್ಕುಗಳ ಮುದ್ರೆಯೆಲ್ಲ ಮಾಡಿಕೊಡೋದು ಇವರೇ! ಒಂಬತ್ತೂ!" ಬೆಳಗಾಗುವುದು ಅವನಿಗೆ ಯಾವಾಗಲೂ ತಡ. "ಒಂದು ವರ್ಷ, ಭಾವ! ಇವತ್ತಿಂದ್ಲೇ ಶುರು!" ಇಳಿಯುವ ಮುಂಚೆ ಚೌಕಟ್ಟಿನ ಧೂಳನ್ನೂ ಒರೆಸಿದ. ಬರೆಯಬಾರದು ಅಂತ ಮಾತ್ರ ಆ ಕಾನೂನುಪಂಡಿತನಿಗೆ ಹೊಳೆಯಲಿಲ್ಲ. ಅದಕ್ಕೇ ಇದನ್ನು ನೀವು ಓದುತ್ತಿದ್ದೀರಿ.

"ಅವನ ಶುರು ಇರಲಿ," ಅಂದಳು ಹೆಂಡತಿ. ಆ ಹೆಮ್ಮೆಯ ದನಿ ಹೋಗಿತ್ತು. "ಒಂದು ಪಾರ್ಕಿಗೆ ಹೋಗಿದ್ದಂತೂ ನಿಜ. ಬೆಳಿಗ್ಗೆಯಿಂದ ಅಲ್ಲೇನು ಮಾಡಿದ್ರಿ? ಸುಳ್ಳು ಬೇಡ."

ಹೇಳಿದೆ. ಒಂದು ಆಟವಾದರೂ ಆಡಬೇಕಿತ್ತಲ್ಲ; ಸಾಲು ಚಿಕ್ಕದಿದ್ದದ್ದು ಪುಟ್ಟ ಮಕ್ಕಳ ತಿರುಗುವ ಕುದುರೆಗಳ ಹತ್ತಿರ ಮಾತ್ರ. ಒಂದು ಕಿವಿ ಮುರಿದ ನೀಲಿ ಕುದುರೆ ಹತ್ತಿದೆ. ಒಂದು ಸುತ್ತು ಮುಗಿಸಿ ಎರಡನೆಯ ಪಾರ್ಕಿಗೆ ಓಡುವುದೆಂದಿದ್ದೆ. ಆದರೆ ಅಲ್ಲಿ ಯಾರೂ ಯಾರನ್ನೂ ಹಿಂದೆ ಹಾಕುವುದಿಲ್ಲ. ಮುಂದಿನ ಕುದುರೆ ಮುಂದೆಯೇ, ಹಿಂದಿನದು ಹಿಂದೆಯೇ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಇಳಿಯಲು ಮನಸ್ಸೇ ಬರಲಿಲ್ಲ. ಆಮೇಲೆ ಬೆಂಚಿನ ಮೇಲೆ ಕೂತು ಅವು ತಿರುಗುವುದನ್ನೇ ನೋಡಿದೆ, ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಂಗಡಿಗೆ ಹೋಗಿ, ಬಾಗಿಲು ಅರ್ಧ ಎಳೆದು, ಡ್ರಾಯರು ತೆರೆದೆ.

"ಎಷ್ಟು ಸುತ್ತು ಕೂತಿದ್ರಿ?"

"ನಲವತ್ತು."

ಅವಳು ಭೂತಗನ್ನಡಿ ಎತ್ತಿ ನನ್ನ ಮುಖಕ್ಕೆ ಹಿಡಿದಳು.

"ಆರು," ಅಂದೆ. "ಆರೇ. ಏಳನೆಯದಕ್ಕೆ ಇಳಿಸಿಬಿಟ್ಟರು."